ನೋಟ್‌ಬುಕ್, ವಾಟ್ಸಾಪ್, ಮೋಡೆಮ್: ಮನೆ ಡಯಾಲಿಸಿಸ್‌ಗೆ ಯಾವ ನಿಗಾ?

ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಅಪ್ಪನಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಗೆ ಹೋಗಬೇಕೆಂದರೆ ಮೊದಲು ಕೋಲಾರ, ಅಲ್ಲಿಂದ ಮತ್ತೆ ಸುಮಾರು 70 ಕಿ.ಮೀ. ಬೆಂಗಳೂರು. ಕಿಡ್ನಿ ಮಾಡಬೇಕಾದ ಕೆಲಸವನ್ನು ಹೊಟ್ಟೆಯೊಳಗೆ ಫ್ಲೂಯಿಡ್ ಬಿಟ್ಟು ಮಾಡಿಸುವ ಹೊಟ್ಟೆಯ ಡಯಾಲಿಸಿಸ್, ಅಂದರೆ ಪಿ.ಡಿ. (ಪೆರಿಟೋನಿಯಲ್ ಡಯಾಲಿಸಿಸ್), ಮನೆಯಲ್ಲೇ ಆಗುವುದರಿಂದ ಡಯಾಲಿಸಿಸ್‌ಗೆ ಅಂತ ವಾರಕ್ಕೆ ಎರಡು ಮೂರು ಸಲ ಓಡಾಡುವ ಪಾಡಿಲ್ಲ. ಆದರೆ ಮನೆಯಲ್ಲಿ ಏನಾಗುತ್ತಿದೆ ಅಂತ ಅಲ್ಲಿರುವ ಡಾಕ್ಟರಿಗೆ ಗೊತ್ತಾಗಬೇಕಲ್ಲ? ಅದಕ್ಕೆ ಮೂರು ದಾರಿಗಳನ್ನು ನಾವು ಬಳಸಿ ನೋಡಿದ್ದೇವೆ. ಈಗಷ್ಟೇ ಪಿ.ಡಿ. ಶುರುಮಾಡುತ್ತಿರುವ ಮನೆಯವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲನೆಯದು ಆಸ್ಪತ್ರೆಯವರು ಹೇಳಿಕೊಟ್ಟ ನೋಟ್‌ಬುಕ್. ಕೈಯಲ್ಲೇ ಮಾಡುವ ಪಿ.ಡಿ.ಯಲ್ಲಿ ದಿನಕ್ಕೆ ಮೂರು ನಾಲ್ಕು ಎಕ್ಸ್‌ಚೇಂಜ್. 2 ಲೀಟರ್ ಫ್ಲೂಯಿಡ್ ಹೊಟ್ಟೆಗೆ ಬಿಟ್ಟು, ನಾಲ್ಕರಿಂದ ಆರು ಗಂಟೆ ಇಟ್ಟು, ಮತ್ತೆ ಹೊರಗೆ ತೆಗೆಯಬೇಕು. ಹೊರಗೆ ಬಂದ ಬ್ಯಾಗನ್ನು ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ತೂಗುತ್ತೇವೆ. ಒಳಗೆ ಹೋದದ್ದಕ್ಕಿಂತ ಎಷ್ಟು ಹೆಚ್ಚು ಬಂತೋ ಅಷ್ಟು ನೀರು ಮೈಯಿಂದ ಇಳಿಯಿತು ಅಂತ ಲೆಕ್ಕ. ಬ್ಯಾಗಿನ ಫ್ಲೂಯಿಡ್‌ನಲ್ಲಿ ಸಕ್ಕರೆ (ಡೆಕ್ಸ್‌ಟ್ರೋಸ್) 1.5 ಪರ್ಸೆಂಟೋ 2.5 ಪರ್ಸೆಂಟೋ, ಬೆಳಗಿನ ತೂಕ ಎಷ್ಟು, ಬಿ.ಪಿ. ಎಷ್ಟು, ಕಾಲಲ್ಲಿ ಊತ ಇದೆಯಾ, ಎಲ್ಲವನ್ನೂ ಬರೆಯಬೇಕು. ಖರ್ಚಿಲ್ಲ, ಕರೆಂಟೂ ಬೇಡ. ರೋಗಿಗೆ ತನ್ನ ಮೈಯ ಲೆಕ್ಕ ತನಗೇ ಅರ್ಥವಾಗುತ್ತದೆ. ಒಂದೆರಡು ದಿನದಲ್ಲಿ ತೂಕ ಒಂದು ಕೆ.ಜಿ. ಏರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಒಳಗೇ ನಿಂತಿದೆ ಅಂತ ಅಪ್ಪ ಈಗ ತಾವೇ ಹೇಳುತ್ತಾರೆ. ಕೊರತೆ ಒಂದೇ, ಆದರೆ ದೊಡ್ಡದು: ಪುಸ್ತಕವನ್ನು ಡಾಕ್ಟರ್ ನೋಡುವುದು ಮುಂದಿನ ತಪಾಸಣೆಯ ದಿನ. ಕೆಟ್ಟದ್ದು ಅಷ್ಟು ದಿನ ಕಾಯುವುದಿಲ್ಲ.

ಅದೇ ಪುಟದ ಫೋಟೋ ತೆಗೆದು ಪಿ.ಡಿ. ಸಿಸ್ಟರಿಗೆ ವಾಟ್ಸಾಪ್ ಮಾಡುವುದು ಎರಡನೆಯ ದಾರಿ. ಕೇಳಲು ಸಣ್ಣ ಬದಲಾವಣೆ, ಆದರೆ ನಮಗೆ ಅತಿ ದೊಡ್ಡ ಉಪಕಾರ ಆದದ್ದು ಇದರಿಂದಲೇ. ಪುಟದ ಜೊತೆ ಹೊರಬಂದ ಬ್ಯಾಗಿನ ಫೋಟೋವನ್ನೂ ಕಳಿಸಿ ಅಂತ ಸಿಸ್ಟರ್ ಮೊದಲೇ ಹೇಳಿದ್ದರು. ಬ್ಯಾಗಿನ ಕೆಳಗೆ ದಿನಪತ್ರಿಕೆ ಹಾಸಿ, ಅಕ್ಷರ ಓದಲು ಬರುತ್ತಾ ನೋಡಬೇಕು. ಬಂದರೆ ಫ್ಲೂಯಿಡ್ ತಿಳಿಯಾಗಿದೆ. ಹಳದಿ ಬಲ್ಬಿನ ಬೆಳಕಲ್ಲಿ ತೆಗೆದರೆ ಬಣ್ಣ ಮೋಸ ಮಾಡುತ್ತದೆ, ಹಗಲಿನ ಬೆಳಕೇ ಸರಿ. ಒಂದು ಬೆಳಿಗ್ಗೆ ಅಕ್ಷರಗಳು ಮಸುಕಾದವು, ಫ್ಲೂಯಿಡ್ ಅಕ್ಕಿ ತೊಳೆದ ನೀರಿನ ಹಾಗಿತ್ತು. ಅಪ್ಪನಿಗೆ ಇನ್ನೂ ಜ್ವರ ಬಂದಿರಲಿಲ್ಲ, ಹೊಟ್ಟೆ ಸ್ವಲ್ಪ ನೋಯುತ್ತಿತ್ತಷ್ಟೆ. ಫೋಟೋ ನೋಡಿದ ಕೂಡಲೇ ಸಿಸ್ಟರ್ ಫೋನ್ ಮಾಡಿ, "ಆ ಬ್ಯಾಗ್ ಚೆಲ್ಲಬೇಡಿ, ಹಾಗೇ ಹಿಡ್ಕೊಂಡು ಇವತ್ತೇ ಹೊರಡಿ" ಅಂದರು. ಆ ಫ್ಲೂಯಿಡಿನ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ಮೈಕ್ರೋಲೀಟರಿಗೆ 100 ದಾಟಿತ್ತು, ಸೋಂಕು ಅಂತ ಖಚಿತವಾಯಿತು. ಆಂಟಿಬಯಾಟಿಕ್ಕನ್ನು ಬ್ಯಾಗಿಗೇ ಸೇರಿಸಿ ಹೊಟ್ಟೆಯೊಳಗೆ ಕೊಟ್ಟರು. ಕ್ಯಾತಿಟರ್, ಅಂದರೆ ಫ್ಲೂಯಿಡ್ ಹೋಗಿಬರಲು ಹೊಟ್ಟೆಗೆ ಹಾಕಿರುವ ನಳಿಕೆ, ತೆಗೆಯಬೇಕಾಗಿ ಬರಲಿಲ್ಲ.

ಇದರ ಮಿತಿ ಇರುವುದು ಆ ಕಡೆಯ ಫೋನಿನಲ್ಲಿ. ಹತ್ತಾರು ಮನೆಗಳ ಫೋಟೋ ಒಂದೇ ಫೋನಿಗೆ ಬೀಳುತ್ತವೆ. ಬ್ಯಾಗಿನ ಬಣ್ಣ ಕೆಟ್ಟರೆ ಕಣ್ಣಿಗೆ ಹೊಡೆಯುತ್ತದೆ. ಹೊರಗೆ ಬರುವ ನೀರು ದಿನಕ್ಕೆ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದ್ದರೆ ಅದು ಫೋಟೋಗಳ ರಾಶಿಯಲ್ಲಿ ಕಾಣುವುದಿಲ್ಲ. ನಡುವೆ ಒಂದು ಆ್ಯಪನ್ನೂ ಹಾಕಿಕೊಟ್ಟಿದ್ದರು. ಪ್ರತಿ ಅಂಕಿಯನ್ನೂ ಟೈಪ್ ಮಾಡುವುದು ಅಪ್ಪನಿಗೆ ಆಗಲಿಲ್ಲ, ಬಿಟ್ಟೆವು.

ಮೂರನೆಯದು ಮೋಡೆಮ್ ಇರುವ ಸೈಕ್ಲರ್ ಯಂತ್ರ. ರಾತ್ರಿ ಮಲಗುವಾಗ ಜೋಡಿಸಿದರೆ ಎಂಟೊಂಬತ್ತು ಗಂಟೆಯಲ್ಲಿ ಅದೇ ತುಂಬಿಸಿ, ಅದೇ ತೆಗೆಯುತ್ತದೆ. ಎಷ್ಟು ಒಳಗೆ ಹೋಯಿತು, ಎಷ್ಟು ಬಂತು, ಡ್ರೈನ್ ಆಗಲು ಎಷ್ಟು ಹೊತ್ತು ಹಿಡಿಯಿತು, ಅಲಾರಂ ಎಷ್ಟು ಸಲ ಹೊಡೆಯಿತು, ಎಲ್ಲವೂ ಬೆಳಿಗ್ಗೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇರುತ್ತವೆ. ಒಂದು ಬೆಳಿಗ್ಗೆ ಸಿಸ್ಟರೇ ಫೋನ್ ಮಾಡಿ, "ಏನ್ ತಾತ, ಎರಡು ದಿನದಿಂದ ಮೋಷನ್ ಸರಿಯಾಗಿ ಆಗಿಲ್ವಾ?" ಅಂತ ಕೇಳಿದರು. ಅಪ್ಪನಿಗೆ ಆಶ್ಚರ್ಯ! ಮಲಬದ್ಧತೆ ಆದರೆ ಕರುಳು ಕ್ಯಾತಿಟರನ್ನು ಒತ್ತುತ್ತದೆ, ಡ್ರೈನ್ ನಿಧಾನವಾಗುತ್ತದೆ; ಯಂತ್ರ ಕಳಿಸಿದ ಸಮಯ ನೋಡಿಯೇ ಅವರಿಗೆ ಅನುಮಾನ ಬಂದಿತ್ತು. ಅವರು ಹೇಳಿದ ಸಿರಪ್ ಕುಡಿದ ಮೇಲೆ ಡ್ರೈನ್ ಸರಿಹೋಯಿತು. ಇನ್ನೊಮ್ಮೆ ಕಾಲು ಊದಿದಾಗ ಡಾಕ್ಟರ್ ಅಲ್ಲಿಂದಲೇ ಯಂತ್ರದ ಸೆಟ್ಟಿಂಗ್ ಬದಲಿಸಿದರು, ಯಾವ ಬ್ಯಾಗ್ ಹಾಕಬೇಕು ಅಂತ ಫೋನಿನಲ್ಲಿ ಹೇಳಿದರು. ನಾವು ಬಸ್ಸು ಹತ್ತಬೇಕಾಗಲಿಲ್ಲ. ಈ ಕೆಲಸ ನೋಟ್‌ಬುಕ್ಕಿಗೂ ಆಗದು, ವಾಟ್ಸಾಪಿಗೂ ಆಗದು.

ಆದರೆ ಯಂತ್ರಕ್ಕೆ ಬಣ್ಣ ಕಾಣದು. ಮಾರುವವರು ಇದನ್ನು ಒತ್ತಿ ಹೇಳುವುದಿಲ್ಲ, ಆದ್ದರಿಂದ ನಾನು ಒತ್ತಿ ಹೇಳುತ್ತೇನೆ. ಹೊರಬಂದ ಫ್ಲೂಯಿಡನ್ನು ಪೈಪಿನಲ್ಲಿ ನೇರ ಬಚ್ಚಲಿಗೆ ಬಿಟ್ಟರೆ ಅದು ಮಸುಕಾಗಿದ್ದರೂ ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಅಂಕಿಯೆಲ್ಲ ಸರಿಯಿದ್ದು ಸೋಂಕು ಬೆಳೆಯುತ್ತಿರಬಹುದು. ನಾವು ಡ್ರೈನ್ ಬ್ಯಾಗಿಗೇ ಬಿಡುತ್ತೇವೆ, ಬೆಳಿಗ್ಗೆ ಅದರ ಫೋಟೋ ಎಂದಿನಂತೆ ಸಿಸ್ಟರಿಗೆ ಹೋಗುತ್ತದೆ.

ಹಳ್ಳಿಯವರು ಇನ್ನೂ ಎರಡು ವಿಷಯ ನೋಡಿಕೊಳ್ಳಬೇಕು. ಫ್ಲೂಯಿಡ್ ಬೆಚ್ಚಗೆ ಮಾಡುವ ಹೀಟರ್ ಯಂತ್ರದಲ್ಲೇ ಇರುವುದರಿಂದ ಲೋಡ್ ಜಾಸ್ತಿ, ಫ್ಯಾನು ಲೈಟಿಗೆ ಅಂತ ತಂದ ಇನ್ವರ್ಟರ್ ಸಾಕಾಗುತ್ತದಾ ಅಂತ ಮೊದಲೇ ಕೇಳಿ. ಮೋಡೆಮ್‌ಗೆ ಸಿಗ್ನಲ್ ಬೇಕು. ನಮ್ಮಲ್ಲಿ ನಡುಮನೆಯಲ್ಲಿ ಸಿಗಲಿಲ್ಲ, ಕಿಟಕಿಯ ಪಕ್ಕ ಸಿಕ್ಕಿತು. ಅಪ್ಪನ ಮಂಚವೂ ಅಲ್ಲಿಗೇ ಬಂತು.

ಖರ್ಚಿನಲ್ಲಿ ಸೈಕ್ಲರ್ ಭಾರಿ. ದಿನವಿಡೀ ತೋಟಕ್ಕೋ ಕೆಲಸಕ್ಕೋ ಹೋಗುವವರಿಗೆ, ಆಸ್ಪತ್ರೆ ದೂರ ಇರುವವರಿಗೆ ಕೈಗೆಟುಕಿದರೆ ನಾನು ಅದನ್ನೇ ಹೇಳುತ್ತೇನೆ. ಎಟುಕದಿದ್ದರೆ ಕೈ ಪಿ.ಡಿ. ಜೊತೆ ದಿನವೂ ಫೋಟೋ ಕಳಿಸುವುದು ಕಡಿಮೆಯ ನಿಗಾ ಅಲ್ಲ, ನಮ್ಮಪ್ಪನ ಸೋಂಕು ಸಿಕ್ಕಿದ್ದೇ ಅದರಲ್ಲಿ. ಬರೀ ನೋಟ್‌ಬುಕ್ ಮಾತ್ರ ಯಾರಿಗೂ ಬೇಡ. ಯಾವುದನ್ನು ಆರಿಸಿದರೂ ಮೊದಲ ದಿನವೇ ಆಸ್ಪತ್ರೆಯಲ್ಲಿ ಕೇಳಿ: ನಮ್ಮ ಫೋಟೋ, ನಮ್ಮ ಅಂಕಿ ದಿನಾ ನೋಡುವವರು ಯಾರು, ಭಾನುವಾರ ಯಾರು ನೋಡುತ್ತಾರೆ, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು? ಆ ನಂಬರನ್ನು ಮನೆಯಲ್ಲಿರುವ ಎಲ್ಲರ ಫೋನಿನಲ್ಲೂ ಹಾಕಿಡಿ.