ಡಿಎಚ್36 ಪ್ಲೇಟು ತಗೊಳ್ಳೋರು ಹುಷಾರು (ಹಾಸನ)

ಫ್ಯಾಬ್ರಿಕೇಶನ್ ಮಾಡೋರೆಲ್ಲ ದಯವಿಟ್ಟು ಓದಿ. ಹಾಸನ ಬಿ.ಎಂ. ರಸ್ತೆ ಕಡೆಯ ಒಬ್ಬ ಸ್ಟೀಲ್ ವ್ಯಾಪಾರಿ ಹಡಗು ಕಟ್ಟೋ ಉಕ್ಕಿನ ಗ್ರೇಡು ಡಿಎಚ್36 ಅಂತ ಹೇಳಿ ನನಗೆ ಯಾವುದೋ ಪ್ಲೇಟು ತಲೆಗೆ ಕಟ್ಟಿದ್ದಾನೆ. ಮಂಗಳೂರಿನ ಬಾರ್ಜ್ (ಸರಕು ಸಾಗಿಸೋ ದೋಣಿ) ಒಂದಕ್ಕೆ ಬ್ರಾಕೆಟ್, ಲಿಫ್ಟಿಂಗ್ ಪ್ಯಾಡು ಮಾಡೋ ಆರ್ಡರು. ಮಿಲ್ ಟೆಸ್ಟ್ ಸರ್ಟಿಫಿಕೇಟ್ (ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪತ್ರ) ಕೊಟ್ಟ. ಅದರ ಹೀಟ್ ನಂಬರೂ (ಉಕ್ಕು ಕರಗಿಸಿದ ಲಾಟಿನ ಗುರುತು) ಪ್ಲೇಟಿನ ಮೇಲೆ ಬಿಳಿ ಪೇಂಟಲ್ಲಿದ್ದ ನಂಬರೂ ತಾಳೆ ಆಯ್ತು. ದುಡ್ಡು ಪೂರ್ತಿ ಮುಂಗಡ.

ವೆಲ್ಡ್ ಮಾಡಿದ ದಿನ ಏನೂ ಇಲ್ಲ. 7018 ರಾಡು (ಹೈಡ್ರೋಜನ್ ಕಮ್ಮಿ ಇರೋ ವೆಲ್ಡಿಂಗ್ ರಾಡು), ಓವನ್ನಲ್ಲಿ ಒಣಗಿಸಿದ್ದೇ. ಆಮೇಲೆ ಮಂಗಳೂರಿಂದ ಇನ್‌ಸ್ಪೆಕ್ಟರ್ ಬಂದು ಬಿರುಕು ಪತ್ತೆಗೆ ಕೆಂಪು ಡೈ ಹಾಕಿದರು. ಆಮೇಲೆ ಬಳಿದ ಬಿಳಿ ಡೆವಲಪರ್ ಪುಡಿ ಮೇಲೆ, ವೆಲ್ಡಿನ ಅಂಚಿಗೇ, ಕೂದಲೆಳೆಯಷ್ಟು ಕೆಂಪು ಗೆರೆ ಮೂಡ್ತಾ ಬಂತು. ಒಂದು ಪೀಸಲ್ಲಲ್ಲ, ಸಾಲಾಗಿ! ಹುಡುಗರ ಎದುರಿಗೇ "ಏನ್ರೀ ಇದು" ಅಂದ್ರು. ತಲೆ ಎತ್ತೋಕಾಗಲಿಲ್ಲ.

ಫೋನ್ ಮಾಡಿದ್ರೆ ಅವನು: "ನಿಮ್ಮ ವೆಲ್ಡರ್ ಸರಿಯಿಲ್ಲ ಸಾರ್. ಮಾಲು ಗಟ್ಟಿ ಇದೆ, ಬೇಕಾದ್ರೆ ಎಳೆಸಿ ನೋಡಿ."

ಎಳೆಸಿದೆ, ಅಂದ್ರೆ ತುಂಡನ್ನ ಎಳೆದು ಶಕ್ತಿ ನೋಡೋ ಪರೀಕ್ಷೆ. ಪೀಣ್ಯದ ಲ್ಯಾಬಲ್ಲಿ ಯೀಲ್ಡ್ (ಲೋಹ ಶಾಶ್ವತವಾಗಿ ಹಿಗ್ಗೋಕೆ ಶುರುವಾಗೋ ಒತ್ತಡ) ಬೇಕಾದ 355 ಮೆಗಾಪ್ಯಾಸ್ಕಲ್ ದಾಟಿತು, ನಿಜ. ಆದರೆ ಕಾರ್ಬನ್ ಶೇಕಡಾ 0.24! ಈ ಗ್ರೇಡಿಗೆ 0.18 ಮೀರಬಾರದು. ಕಾರ್ಬನ್ ಏರಿದ್ರೆ ವೆಲ್ಡಿನ ಪಕ್ಕದ ಲೋಹ ಆರುವಾಗ ಪೆಡಸಾಗುತ್ತೆ, ಹೈಡ್ರೋಜನ್ ಸೇರಿ ಒಂದೆರಡು ದಿನ ಬಿಟ್ಟು ಬಿರುಕು ಬಿಡುತ್ತೆ. ಚಾರ್ಪಿ (ತಣ್ಣಗಿನ ತುಂಡಿಗೆ ಸುತ್ತಿಗೆ ಏಟು ಕೊಟ್ಟು ಒಡೆಯೋ ಪರೀಕ್ಷೆ) ಇನ್ನೂ ಕೆಟ್ಟದು: ಮೈನಸ್ 20 ಡಿಗ್ರಿಯಲ್ಲಿ 34 ಜೂಲ್ ಬೇಕು, ಬಂದಿದ್ದು 11. 36 ಅನ್ನೋದು ಶಕ್ತಿ, ಅದು ಇದೇ ಜಾತಿಯ ಬೇರೆ ಗ್ರೇಡುಗಳಾದ ಎಎಚ್‌ಗೂ ಇಎಚ್‌ಗೂ ಒಂದೇ. ಡಿ ಅಂದ್ರೆ ಮೈನಸ್ 20ರಲ್ಲೂ ಪಟ್ ಅಂತ ಒಡೆಯಬಾರದು. ಆ ಅಕ್ಷರಕ್ಕೇ ಹೆಚ್ಚು ದುಡ್ಡು ಇಸ್ಕೊಂಡಿದ್ದು ಇವನು!

ಹೊಟ್ಟೆ ಉರಿದಿದ್ದು ಇದಕ್ಕಲ್ಲ. ಉಳಿದ ಪ್ಲೇಟಿನ ಬಿಳಿ ಪೇಂಟನ್ನ ಥಿನ್ನರಲ್ಲಿ ಒರೆಸಿದೆ. ಕೆಳಗೆ ಗ್ರೈಂಡರ್ ಹೊಡೆದ ಗುರುತು, ಅದರ ಅಂಚಲ್ಲಿ ಅರ್ಧ ಉಳಿದ ಪಂಚ್ ಅಂಕಿ (ಲೋಹಕ್ಕೇ ಕುಟ್ಟಿ ಒತ್ತಿದ ನಂಬರು). ಬೇಕಂತಲೇ ಅಳಿಸಿದ್ದಾರೆ. ಫೋಟೋ ಕಳಿಸಿದ್ರೆ ಉತ್ತರ: "ಲಾರಿಯಲ್ಲಿ ಉಜ್ಜಿರಬೇಕು ಸಾರ್." ಲಾರಿಯಲ್ಲಿ ಉಜ್ಜಿ, ಅದರ ಮೇಲೆ ಪೇಂಟೂ ತಾನೇ ಬಳ್ಕೊಂಡಿತಾ? ದುಡ್ಡು ಕೇಳಿದ್ರೆ "ಕಟ್ ಮಾಡಿದ ಮಾಲು ವಾಪಸ್ ಇಲ್ಲ." ಈಗ ಫೋನೇ ಎತ್ತಲ್ಲ.

ಪೇಂಟಿನ ನಂಬರು ನಂಬಬೇಡಿ, ಪಂಚ್ ನೋಡಿ. ಒಂದು ತುಂಡು ಲ್ಯಾಬಿಗೆ ಹೋಗಿ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡಿ. ಎಳೆಸೋದು ಸಾಲದು, ಕೆಮಿಸ್ಟ್ರಿ, ಚಾರ್ಪಿ ಎರಡೂ ಮಾಡಿಸಿ. ಆ ಲಾಟಿನ ಮಾಲು ಇನ್ನೂ ಅವನ ಗೋಡೌನಲ್ಲೇ ಬಿದ್ದಿದೆ.