ಪೆಡಲ್‌ಬೋರ್ಡ್‌ಗೆ ಪವರ್ ಸಪ್ಲೈ: ನಾಲ್ಕು ಮಾದರಿಗಳ ವಿಮರ್ಶೆ

ಪವರ್ ಸಪ್ಲೈಗಳ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು ಔಟ್‌ಪುಟ್‌ಗಳ ಸಂಖ್ಯೆ: ಎಂಟು, ಹತ್ತು, ಹನ್ನೆರಡು. ಕೊಳ್ಳುವವರಿಗೆ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವ ಸಂಖ್ಯೆಯೂ ಅದೇ. ಗಿಟಾರ್ ಪೆಡಲ್‌ಬೋರ್ಡ್‌ಗೆ, ಅಂದರೆ ಗಿಟಾರಿನ ನಾದವನ್ನು ಮಾರ್ಪಡಿಸುವ ಪೆಡಲ್‌ಗಳನ್ನು ಜೋಡಿಸಿಟ್ಟ ಹಲಗೆಗೆ, ಪವರ್ ಸಪ್ಲೈ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಒಂದೊಂದು ಔಟ್‌ಪುಟ್ ಎಷ್ಟು ಮಿಲಿಆಂಪಿಯರ್ ಕೊಡುತ್ತದೆ, ಮತ್ತು ಆ ಔಟ್‌ಪುಟ್‌ಗಳು ಒಂದರಿಂದೊಂದು ನಿಜವಾಗಿಯೂ ಬೇರ್ಪಟ್ಟಿವೆಯೇ. ಈ ಎರಡನ್ನೇ ಅಳತೆಗೋಲಾಗಿಟ್ಟುಕೊಂಡು ಟ್ರೂಟೋನ್‌ನ 1 ಸ್ಪಾಟ್, ವೂಡೂ ಲ್ಯಾಬ್‌ನ ಪೆಡಲ್ ಪವರ್ 2 ಪ್ಲಸ್, ಸ್ಟ್ರೈಮನ್‌ನ ಜೂಮಾ, ಸಿಯೋಕ್ಸ್‌ನ ಡಿಸಿ7 ಎಂಬ ನಾಲ್ಕನ್ನು ಇಲ್ಲಿ ತೂಗಿ ನೋಡಲಾಗಿದೆ. ಮಾರುಕಟ್ಟೆಯ ಉಳಿದ ಬಹುಪಾಲು ಸಪ್ಲೈಗಳೂ ಹೆಚ್ಚುಕಡಿಮೆ ಇವುಗಳಲ್ಲಿ ಒಂದರ ಜಾತಿಗೇ ಸೇರುತ್ತವೆ.

ಸಪ್ಲೈ ನೋಡುವುದಕ್ಕೆ ಮೊದಲು ಪೆಡಲ್‌ಗಳನ್ನು ಮಗುಚಿ ಅವುಗಳ ತಳದಲ್ಲಿರುವ ಚೀಟಿಯನ್ನು ಓದಬೇಕು. ಇಂದು ತಯಾರಾಗುವ ಪೆಡಲ್‌ಗಳಲ್ಲಿ ಹೆಚ್ಚಿನವು 9 ವೋಲ್ಟ್ ಡಿಸಿ ಬೇಡುತ್ತವೆ. ಅವುಗಳ ಪ್ಲಗ್ಗಿನ ಹೊರ ವ್ಯಾಸ 5.5 ಮಿ.ಮೀ., ಒಳ ವ್ಯಾಸ 2.1 ಮಿ.ಮೀ., ಮತ್ತು ನಡುವಿನ ಪಿನ್ ಋಣ, ಹೊರಕವಚ ಧನ. ಇಷ್ಟರ ಮಟ್ಟಿಗೆ ಒಮ್ಮತವಿದೆ. ಕರೆಂಟಿನ ವಿಷಯದಲ್ಲಿ ಮಾತ್ರ ಅಂತರ ಅಗಾಧ. ಟ್ಯೂಬ್ ಸ್ಕ್ರೀಮರ್‌ನಂತಹ ಅನಲಾಗ್ ಓವರ್‌ಡ್ರೈವ್‌ಗೆ (ನಾದವನ್ನು ಒರಟಾಗಿಸುವ ಪೆಡಲ್) 10 ಮಿಲಿಆಂಪಿಯರ್‌ನ ಆಸುಪಾಸು ಸಾಕಾದರೆ, ಸ್ಟ್ರೈಮನ್‌ನ ಟೈಮ್‌ಲೈನ್ ಡಿಲೇ (ಪ್ರತಿಧ್ವನಿಯ ಪೆಡಲ್) 300 ಮಿಲಿಆಂಪಿಯರ್ ಕೇಳುತ್ತದೆ, ಈವೆಂಟೈಡ್‌ನ ಎಚ್9 500 ಕೇಳುತ್ತದೆ, ಲೈನ್ 6 ಸಂಸ್ಥೆಯ ಎಚ್‌ಎಕ್ಸ್ ಸ್ಟಾಂಪ್ ಜೊತೆಗೆ ಬರುವ ಅಡಾಪ್ಟರ್‌ನ ಸಾಮರ್ಥ್ಯವಂತೂ 3 ಆಂಪಿಯರ್. ಹಾಗಾಗಿ "ನನ್ನ ಬಳಿ ಆರು ಪೆಡಲ್ ಇವೆ, ಯಾವ ಸಪ್ಲೈ ಕೊಳ್ಳಲಿ" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ; ಆ ಆರು ಯಾವುವು ಎಂಬುದು ಗೊತ್ತಾದರೆ ಉತ್ತರ ತಾನಾಗಿಯೇ ಹೊರಬರುತ್ತದೆ.

ಇಲ್ಲಿ ಹೊಸಬರನ್ನು ಕಾಡುವ ಒಂದು ಗೊಂದಲವನ್ನು ಬಗೆಹರಿಸುವುದು ಅಗತ್ಯ. ಸಪ್ಲೈಯ ಮೇಲೆ ಬರೆದಿರುವ ಮಿಲಿಆಂಪಿಯರ್ ಎಂದರೆ ಅದು ಕೊಡಬಲ್ಲ ಗರಿಷ್ಠ ಮಿತಿಯೇ ಹೊರತು ಪೆಡಲ್‌ನೊಳಗೆ ಬಲವಂತವಾಗಿ ನೂಕುವ ಪ್ರಮಾಣವಲ್ಲ. 10 ಮಿಲಿಆಂಪಿಯರ್ ಬೇಕಾದ ಪೆಡಲ್ ಅನ್ನು 500 ಮಿಲಿಆಂಪಿಯರ್‌ನ ಔಟ್‌ಪುಟ್‌ಗೆ ಸಿಕ್ಕಿಸಿದರೆ ಅದು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ವೋಲ್ಟೇಜ್ ಹಾಗಲ್ಲ, ಕೊಟ್ಟಷ್ಟನ್ನೂ ಪೆಡಲ್ ಸಹಿಸಿಕೊಳ್ಳಲೇಬೇಕು. ಕೆಲವು ಓವರ್‌ಡ್ರೈವ್‌ಗಳು 18 ವೋಲ್ಟ್‌ನಲ್ಲಿ ಹೆಚ್ಚು ಹೆಡ್‌ರೂಮ್ (ನಾದ ಒಡೆಯುವ ಮೊದಲು ಸಿಗ್ನಲ್‌ಗೆ ಸಿಗುವ ಅವಕಾಶ) ಪಡೆದು ಸ್ವಚ್ಛವಾಗಿ ನುಡಿಯುತ್ತವೆ ಎಂಬುದು ನಿಜವೇ ಆದರೂ, ತಯಾರಕರು ಅದಕ್ಕೆ ಅನುಮತಿ ಕೊಟ್ಟಿದ್ದಾರೆಯೇ ಎಂದು ಕೈಪಿಡಿಯಲ್ಲಿ ನೋಡದೆ ಆ ಪ್ರಯೋಗಕ್ಕೆ ಕೈ ಹಾಕಬಾರದು. ಒಳಗೆ ಮ್ಯಾಕ್ಸ್1044 ಎಂಬ ಚಾರ್ಜ್ ಪಂಪ್ ಚಿಪ್ (ಒಳಗೇ ಬೇರೆ ವೋಲ್ಟೇಜ್ ತಯಾರಿಸುವ ಚಿಪ್) ಇರುವ ಪೆಡಲ್‌ಗಳಿವೆ. ಆ ಚಿಪ್ ತಾಳಿಕೊಳ್ಳುವ ಗರಿಷ್ಠ ವೋಲ್ಟೇಜ್ 10.5. ಅಂತಹ ಪೆಡಲ್‌ಗೆ 12 ವೋಲ್ಟ್ ಕೊಟ್ಟರೂ ಚಿಪ್ ಸುಟ್ಟುಹೋಗುವ ಸಾಧ್ಯತೆಯೇ ಹೆಚ್ಚು.

ಇನ್ನು 1 ಸ್ಪಾಟ್‌ನ ವಿಷಯಕ್ಕೆ ಬರೋಣ. ಇದು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಸ್ವಿಚಿಂಗ್ ಅಡಾಪ್ಟರ್, ಅಂದರೆ ವಿದ್ಯುತ್ತನ್ನು ಅತಿ ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುವಂಥದ್ದು. 100ರಿಂದ 240 ವೋಲ್ಟ್‌ವರೆಗಿನ ಯಾವ ಮೈನ್ಸ್‌ನಲ್ಲಾದರೂ ನಡೆಯುತ್ತದೆ, ಮತ್ತು 9 ವೋಲ್ಟ್‌ನಲ್ಲಿ ಒಟ್ಟು 1700 ಮಿಲಿಆಂಪಿಯರ್ ಕೊಡುತ್ತದೆ. ಒಂದೇ ವೈರಿನಲ್ಲಿ ಸಾಲಾಗಿ ಪ್ಲಗ್‌ಗಳಿರುವ ಡೈಸಿ ಚೈನ್ ಸೇರಿಸಿದರೆ ಇಡೀ ಬೋರ್ಡ್‌ಗೆ ಅದೊಂದೇ ಸಾಕು. ದುಬಾರಿ ಸಪ್ಲೈಗಳ ಅಭಿಮಾನಿಗಳು ಇದನ್ನು ಕಂಡರೆ ಮೂಗು ಮುರಿಯುತ್ತಾರೆ, ಅದು ಅನ್ಯಾಯ. ಒಂದು ಟ್ಯೂನರ್, ಒಂದೆರಡು ಓವರ್‌ಡ್ರೈವ್, ಒಂದು ಅನಲಾಗ್ ಕೋರಸ್ ಇಷ್ಟೇ ಇರುವ ಬೋರ್ಡ್‌ನಲ್ಲಿ 1 ಸ್ಪಾಟ್ ನಿಶ್ಶಬ್ದವಾಗಿ ತನ್ನ ಕೆಲಸ ಮಾಡುತ್ತದೆ, ಮತ್ತು ಅಂತಹ ಬೋರ್ಡ್‌ಗೆ ಐಸೊಲೇಟೆಡ್ (ಔಟ್‌ಪುಟ್‌ಗಳು ಒಂದರಿಂದೊಂದು ಬೇರ್ಪಟ್ಟಿರುವ) ಸಪ್ಲೈ ಕೊಳ್ಳುವುದು ಹೆಚ್ಚಿನ ಸಂದರ್ಭಗಳಲ್ಲಿ ದಂಡದ ಖರ್ಚು.

ತೊಂದರೆ ಶುರುವಾಗುವುದು ಮೊದಲ ಡಿಜಿಟಲ್ ಪೆಡಲ್ ಬೋರ್ಡ್ ಹತ್ತಿದಾಗ. ಡೈಸಿ ಚೈನ್‌ನಲ್ಲಿ ಎಲ್ಲ ಪೆಡಲ್‌ಗಳ ಗ್ರೌಂಡ್ (ಸರ್ಕ್ಯೂಟಿನ ಸೊನ್ನೆ ವೋಲ್ಟ್‌ನ ತುದಿ) ಎರಡು ದಾರಿಯಲ್ಲಿ ಒಂದಕ್ಕೊಂದು ಕೂಡಿರುತ್ತದೆ: ಪವರ್ ವೈರಿನ ಮೂಲಕ ಒಮ್ಮೆ, ಸಿಗ್ನಲ್ ಕೇಬಲ್ಲಿನ ಶೀಲ್ಡ್ ಮೂಲಕ ಇನ್ನೊಮ್ಮೆ. ಡಿಜಿಟಲ್ ಡಿಲೇ ಅಥವಾ ರಿವರ್ಬ್‌ನೊಳಗಿನ ಕ್ಲಾಕ್ ಸರ್ಕ್ಯೂಟ್ ಕರೆಂಟನ್ನು ಏಕರೀತಿಯಾಗಿ ಎಳೆಯದೆ ಕ್ಷಣಕ್ಷಣಕ್ಕೂ ತುಂಡು ತುಂಡಾಗಿ ಎಳೆಯುವುದರಿಂದ, ಎಲ್ಲರೂ ಹಂಚಿಕೊಂಡಿರುವ ಆ ಗ್ರೌಂಡ್ ವೈರಿನಲ್ಲಿ ಸಣ್ಣ ವೋಲ್ಟೇಜ್ ಏರಿಳಿತ ಉಂಟಾಗಿ, ಅದೇ ವೈರಿಗೆ ಜೋತುಬಿದ್ದಿರುವ ಓವರ್‌ಡ್ರೈವ್ ಅದನ್ನೂ ಗಿಟಾರಿನ ಸಿಗ್ನಲ್ ಎಂದೇ ತಿಳಿದು ಹಿಗ್ಗಿಸಿಬಿಡುತ್ತದೆ. ಕಿವಿಗೆ ಬೀಳುವುದು ಸೊಳ್ಳೆ ಸುಳಿದಾಡಿದಂತಹ ತೆಳುವಾದ ಕೀರಲು ಸದ್ದು. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಏರಿಸಿದಂತೆಲ್ಲ ಅದೂ ಏರುತ್ತದೆ. ಇದರ ಮೂಲವನ್ನು ಪತ್ತೆ ಹಚ್ಚುವುದು ಸುಲಭ. ಡಿಜಿಟಲ್ ಪೆಡಲ್‌ನ ಸಿಗ್ನಲ್ ಕೇಬಲ್‌ಗಳನ್ನು ಹಾಗೆಯೇ ಬಿಟ್ಟು, ಅದನ್ನು ಚೈನ್‌ನಿಂದ ಬಿಡಿಸಿ ಅದರ ಸ್ವಂತ ಅಡಾಪ್ಟರ್‌ಗೆ ಸಿಕ್ಕಿಸಬೇಕು. ಕೀರಲು ನಿಂತುಹೋದರೆ ಬೇಕಾಗಿರುವುದು ಐಸೊಲೇಶನ್ ಎಂಬುದು ಖಚಿತವಾಗುತ್ತದೆ. ಸದ್ದು ನಿಲ್ಲದಿದ್ದರೆ ಹೊಸ ಸಪ್ಲೈ ಕೊಂಡರೂ ಅದು ನಿಲ್ಲುವ ಭರವಸೆಯಿಲ್ಲ.

ಡೈಸಿ ಚೈನ್‌ಗೆ ಎಂದೂ ಸೇರಿಸಬಾರದ ಪೆಡಲ್‌ಗಳೂ ಇವೆ. ಹಳೆಯ ಫಜ್ ಫೇಸ್ ಮಾದರಿಯ, ಪಿಎನ್‌ಪಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಿರುವ ಫಜ್‌ಗಳಲ್ಲಿ (ನಾದವನ್ನು ತೀವ್ರವಾಗಿ ಒಡೆಯುವ ಪೆಡಲ್‌ಗಳು) ಗ್ರೌಂಡ್ ಎಂದರೆ ಧನ ತುದಿ. ಉಳಿದ ಪೆಡಲ್‌ಗಳ ಗ್ರೌಂಡ್ ಋಣ ತುದಿಯಲ್ಲಿರುವುದರಿಂದ, ಒಂದೇ ಚೈನ್‌ನಲ್ಲಿ ಎರಡನ್ನೂ ಕೂಡಿಸಿ ನಡುವೆ ಸಿಗ್ನಲ್ ಕೇಬಲ್ ಹಾಕಿದ ಕೂಡಲೇ ಸಪ್ಲೈ ಶಾರ್ಟ್ ಆಗುತ್ತದೆ. ಪ್ರತ್ಯೇಕ ಐಸೊಲೇಟೆಡ್ ಔಟ್‌ಪುಟ್ ಮತ್ತು ಧ್ರುವ ಬದಲಿಸುವ ಕೇಬಲ್ ಇದ್ದರೆ ಈ ತಾಪತ್ರಯ ಇರುವುದಿಲ್ಲ.

ಐಸೊಲೇಟೆಡ್ ಎಂಬ ಪದವನ್ನು ತಯಾರಕರು ಬಹಳ ಉದಾರವಾಗಿ ಬಳಸುತ್ತಾರೆ. ಅಗ್ಗದ ಹಲವು ಸಪ್ಲೈಗಳಲ್ಲಿ ಪ್ರತಿ ಔಟ್‌ಪುಟ್‌ಗೂ ಶಾರ್ಟ್ ಸರ್ಕ್ಯೂಟ್ ರಕ್ಷಣೆ ಮಾತ್ರ ಬೇರೆ ಬೇರೆಯಾಗಿದ್ದು, ಗ್ರೌಂಡ್ ಎಲ್ಲದಕ್ಕೂ ಒಂದೇ ಆಗಿರುತ್ತದೆ. ಹೊರಗೆ ಹತ್ತು ಸಾಕೆಟ್ ಕಂಡರೂ ಅದು ಡಬ್ಬಿಯೊಳಗೆ ಮಡಚಿಟ್ಟ ಡೈಸಿ ಚೈನ್ ಅಷ್ಟೇ. ಇದನ್ನು ಪರೀಕ್ಷಿಸಲು ಸಾಧಾರಣ ಮಲ್ಟಿಮೀಟರ್ ಸಾಕು. ಸಪ್ಲೈಯನ್ನು ಮೈನ್ಸ್‌ನಿಂದ ಬಿಡಿಸಿ, ಯಾವ ಪೆಡಲ್ ಅನ್ನೂ ಜೋಡಿಸದೆ, ಎರಡು ಔಟ್‌ಪುಟ್‌ಗಳಿಗೆ ಕೇಬಲ್ ಸಿಕ್ಕಿಸಿಕೊಳ್ಳಬೇಕು. ಮೀಟರನ್ನು ಕಂಟಿನ್ಯೂಟಿಗೆ ಇಟ್ಟು, ಒಂದು ಪ್ರೋಬ್ ತುದಿಯನ್ನು ಮೊದಲ ಪ್ಲಗ್ಗಿನ ನಡುವಿನ ತೂತಿಗೂ ಇನ್ನೊಂದನ್ನು ಎರಡನೆಯ ಪ್ಲಗ್ಗಿನ ನಡುವಿನ ತೂತಿಗೂ ತಾಗಿಸಿದಾಗ ಬೀಪ್ ಬಂದರೆ ಅವೆರಡೂ ಒಂದೇ ಗ್ರೌಂಡ್ ಹಂಚಿಕೊಂಡಿವೆ ಎಂದರ್ಥ. ಹೊರಕವಚಗಳನ್ನೂ ಹಾಗೆಯೇ ಒಮ್ಮೆ ನೋಡುವುದು ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾರುವವರ ಎದುರಿನಲ್ಲೇ ಈ ಪರೀಕ್ಷೆ ಮಾಡಲು ಸಂಕೋಚಪಡಬೇಕಾಗಿಲ್ಲ.

ವೂಡೂ ಲ್ಯಾಬ್‌ನ ಪೆಡಲ್ ಪವರ್ 2 ಪ್ಲಸ್ ಈ ಪರೀಕ್ಷೆಯಲ್ಲಿ ಕಣ್ಣುಮುಚ್ಚಿ ಪಾಸಾಗುವ ಹಳೆಯ ಹುಲಿ. ಇದರೊಳಗೆ ಟೊರಾಯ್ಡಲ್ (ಉಂಗುರದಾಕಾರದ) ಟ್ರಾನ್ಸ್‌ಫಾರ್ಮರ್ ಇದೆ. ಎಂಟು ಔಟ್‌ಪುಟ್‌ಗಳೂ ಪರಸ್ಪರ ಬೇರ್ಪಟ್ಟಿವೆ. ಎತ್ತಿದರೆ ತೂಕ ಕೈಗೆ ತಿಳಿಯುತ್ತದೆ. ಕೊನೆಯ ಎರಡು ಔಟ್‌ಪುಟ್‌ಗಳಿಗೆ ಇರುವ ಸ್ಯಾಗ್ ಎಂಬ ಗುಬುಟನ್ನು ತಿರುಗಿಸಿ ವೋಲ್ಟೇಜನ್ನು 9ರಿಂದ ಸುಮಾರು 4ಕ್ಕೆ ಇಳಿಸಬಹುದು. ಸವೆದ ಬ್ಯಾಟರಿಯಲ್ಲಿ ಫಜ್ ಹೊರಡಿಸುವ ಉಸಿರುಕಟ್ಟಿದಂತಹ, ಒಡಕಲು ನಾದವನ್ನು ಇಷ್ಟಪಡುವವರಿಗೆ ಇದು ಉಪಯುಕ್ತ. ಆದರೆ ಮಿಲಿಆಂಪಿಯರ್ ಲೆಕ್ಕಕ್ಕೆ ಬಂದರೆ ಇದರ ವಯಸ್ಸು ಗೊತ್ತಾಗುತ್ತದೆ. ಆರು ಔಟ್‌ಪುಟ್‌ಗಳು ತಲಾ 100 ಮಿಲಿಆಂಪಿಯರ್ ಕೊಡುತ್ತವೆ. 250 ಕೊಡುವವು ಎರಡೇ. ಟೈಮ್‌ಲೈನ್‌ನ 300ನ್ನು ಇವುಗಳಲ್ಲಿ ಒಂದೂ ತುಂಬಿಕೊಡಲಾರದು. ಬೋರ್ಡ್ ಪೂರ್ತಿ ಅನಲಾಗ್ ಆಗಿದ್ದರೆ, ಅಥವಾ ಡಿಜಿಟಲ್ ಎಂದರೆ ಒಂದೋ ಎರಡೋ ಸಣ್ಣ ಡಿಲೇ ಮಾತ್ರ ಎಂದಾದರೆ, ಇದು ಇಂದಿಗೂ ನೆಮ್ಮದಿಯ ಆಯ್ಕೆ. ದೊಡ್ಡ ರಿವರ್ಬ್ ಕೊಳ್ಳುವ ಕನಸಿದ್ದವರು ಇದನ್ನು ಕೊಳ್ಳುವುದು ಬೇಡ. ಟ್ರಾನ್ಸ್‌ಫಾರ್ಮರ್ ಸಪ್ಲೈ ಆದ್ದರಿಂದ ತಮ್ಮ ಮೈನ್ಸ್ ವೋಲ್ಟೇಜಿಗೆ ಹೊಂದುವ ಮಾದರಿಯನ್ನೇ ಕೇಳಿ ಪಡೆಯಬೇಕಾಗುತ್ತದೆ.

ಟ್ರಾನ್ಸ್‌ಫಾರ್ಮರ್‌ಗೆ ಇನ್ನೊಂದು ಗುಣವಿದೆ, ಇದು ಯಾವ ಪೆಟ್ಟಿಗೆಯ ಮೇಲೂ ಅಚ್ಚಾಗಿರುವುದಿಲ್ಲ. ಅದರ ಸುತ್ತ ಹರಡುವ ಕಾಂತಕ್ಷೇತ್ರವನ್ನು ವಾ ಪೆಡಲ್‌ನೊಳಗಿನ (ಪಾದದಿಂದ ಒತ್ತಿ 'ವಾ' ಎಂಬ ನಾದ ತರುವ ಪೆಡಲ್) ಇಂಡಕ್ಟರ್ ಎಂಬ ತಂತಿಸುರುಳಿ ಗಪ್ಪನೆ ಹಿಡಿದುಕೊಳ್ಳುತ್ತದೆ. ಟೊರಾಯ್ಡಲ್ ವಿನ್ಯಾಸದಲ್ಲಿ ಈ ಸೋರಿಕೆ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ. ವಾ ಆನ್ ಇಟ್ಟುಕೊಂಡು ಅದನ್ನು ಸಪ್ಲೈಯ ಮೇಲಿನಿಂದ ಒಂದೊಂದೇ ಅಂಗುಲ ಪಕ್ಕಕ್ಕೆ ಸರಿಸಿದರೆ ಗುಂಯ್‌ಗುಡುವ ಹಮ್ ಏರುವುದೂ ಇಳಿಯುವುದೂ ಸ್ಪಷ್ಟವಾಗಿ ಕೇಳಿಸುತ್ತದೆ. ಹಾಗಾಗಿ ಬೋರ್ಡ್‌ನ ಅಡಿಗೆ ಸಪ್ಲೈಯನ್ನು ಸ್ಕ್ರೂ ಹಾಕಿ ಬಿಗಿಯುವ ಮೊದಲೇ ಈ ಪರೀಕ್ಷೆ ಮುಗಿಸಿಕೊಳ್ಳುವುದು ಜಾಣತನ.

ಸ್ಟ್ರೈಮನ್‌ನ ಜೂಮಾ ಮತ್ತು ಸಿಯೋಕ್ಸ್‌ನ ಡಿಸಿ7 ಎರಡೂ ಸ್ವಿಚಿಂಗ್ ತಂತ್ರಜ್ಞಾನದ ಐಸೊಲೇಟೆಡ್ ಸಪ್ಲೈಗಳು. ಎರಡೂ 100ರಿಂದ 240 ವೋಲ್ಟ್‌ವರೆಗಿನ ಮೈನ್ಸ್‌ನಲ್ಲಿ ನಡೆಯುತ್ತವೆ. ಸ್ವಿಚಿಂಗ್ ಎಂದರೆ ಗದ್ದಲ ಎಂಬ ಹಳೆಯ ನಂಬಿಕೆಗೆ ಇವುಗಳ ಮುಂದೆ ಆಧಾರ ಉಳಿಯುವುದಿಲ್ಲ. ಜೂಮಾದ ಒಂಬತ್ತು ಔಟ್‌ಪುಟ್‌ಗಳಲ್ಲಿ ಪ್ರತಿಯೊಂದೂ 9 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್ ಕೊಡುತ್ತದೆ. ಅವುಗಳಲ್ಲಿ ಎರಡನ್ನು ಮಾತ್ರ 12 ಅಥವಾ 18 ವೋಲ್ಟ್‌ಗೆ ಬದಲಿಸಿಕೊಳ್ಳಬಹುದು. ಡಿಸಿ7ನಲ್ಲಿ ಔಟ್‌ಪುಟ್‌ಗಳು ಏಳೇ, ಆದರೆ ಏಳನ್ನೂ 9, 12, 15, 18 ವೋಲ್ಟ್‌ಗಳಲ್ಲಿ ಯಾವುದಕ್ಕೆ ಬೇಕಾದರೂ ಹೊಂದಿಸಬಹುದು. 9 ವೋಲ್ಟ್‌ನಲ್ಲಿ 660 ಮಿಲಿಆಂಪಿಯರ್, 12ರಲ್ಲಿ 500, 15ರಲ್ಲಿ 400, 18ರಲ್ಲಿ 330 ಎಂಬ ಅಂಕಿಗಳನ್ನು ವೋಲ್ಟೇಜಿನಿಂದ ಗುಣಿಸಿ ನೋಡಿದರೆ ಎಲ್ಲ ಕಡೆಯೂ ಸುಮಾರು 6 ವ್ಯಾಟ್ ಬರುತ್ತದೆ. ಔಟ್‌ಪುಟ್‌ನ ಸಾಮರ್ಥ್ಯವನ್ನು ವ್ಯಾಟ್‌ನಲ್ಲಿ ಯೋಚಿಸುವ ಈ ಕ್ರಮ ನನಗೆ ಬಹಳ ಹಿಡಿಸಿತು. ವೋಲ್ಟೇಜ್ ಏರಿಸಿದಾಗ ಕರೆಂಟ್ ಏಕೆ ಇಳಿಯುತ್ತದೆ ಎಂಬುದನ್ನು ಬೇರೆ ವಿವರಿಸಬೇಕಾಗಿಯೇ ಇಲ್ಲ.

ಇವೆರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಡಿಸಿ7 ಕಡೆಗೇ ವಾಲುತ್ತೇನೆ. ಪೆಡಲ್‌ಬೋರ್ಡ್ ಎಂಬುದು ಎಂದೂ ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಇವತ್ತು 9 ವೋಲ್ಟ್‌ನ ಓವರ್‌ಡ್ರೈವ್ ಇದ್ದ ಜಾಗಕ್ಕೆ ನಾಳೆ 18 ವೋಲ್ಟ್‌ನ ಪ್ರೀಆಂಪ್ ಬಂದು ಕೂರುತ್ತದೆ. ಆಗ ಎಲ್ಲ ಔಟ್‌ಪುಟ್‌ಗಳೂ ಎಲ್ಲ ವೋಲ್ಟೇಜಿಗೂ ಸಿದ್ಧವಿರುವುದು ಎರಡು ಹೆಚ್ಚುವರಿ ಸಾಕೆಟ್‌ಗಿಂತ ಬೆಲೆಬಾಳುವ ಗುಣ. ಸುಮಾರು ಒಂದು ಅಂಗುಲದಷ್ಟೇ ಎತ್ತರವಿರುವುದರಿಂದ ತಗ್ಗು ಬೋರ್ಡ್‌ಗಳ ಅಡಿಯಲ್ಲೂ ಇದು ನುಸುಳುತ್ತದೆ. ಹಾಗೆಂದು ಜೂಮಾವನ್ನು ತಳ್ಳಿಹಾಕುವಂತಿಲ್ಲ: ಒಂಬತ್ತೂ ಪೆಡಲ್‌ಗಳು 9 ವೋಲ್ಟ್‌ನವೇ ಆಗಿದ್ದು, ಅವುಗಳಲ್ಲಿ ಹಲವು ಕರೆಂಟ್ ನುಂಗುವ ಡಿಜಿಟಲ್ ಪೆಡಲ್‌ಗಳಾಗಿದ್ದರೆ ಅದರ ಲೆಕ್ಕವೇ ಸರಿ. ಡಿಸಿ7ರ ಬಗ್ಗೆ ನನ್ನ ಒಂದು ತಕರಾರೆಂದರೆ, ವೋಲ್ಟೇಜ್ ಆರಿಸುವ ಸ್ವಿಚ್‌ಗಳು ತೀರಾ ಪುಟ್ಟವು. ಪೆಡಲ್ ಬದಲಿಸಿದಾಗಲೆಲ್ಲ ಅವನ್ನು ಬೆಳಕಿಗೆ ಹಿಡಿದು ನೋಡಿ, ಸಾಧ್ಯವಾದರೆ ಮೀಟರಿನಲ್ಲೂ ಅಳೆದು, ಆಮೇಲೆಯೇ ಪ್ಲಗ್ ಸಿಕ್ಕಿಸಬೇಕು. ಹಿಂದಿನ ಪೆಡಲ್‌ಗೆಂದು 18ಕ್ಕೆ ಇಟ್ಟಿದ್ದ ಔಟ್‌ಪುಟ್ ಹೊಸ ಪೆಡಲ್‌ಗಾಗಿ ತನ್ನಷ್ಟಕ್ಕೆ 9ಕ್ಕೆ ಇಳಿಯುವುದಿಲ್ಲ.

ಎರಡು ಐಸೊಲೇಟೆಡ್ ಔಟ್‌ಪುಟ್‌ಗಳನ್ನು ಸಮಾನಾಂತರವಾಗಿ ಕೂಡಿಸಿ ಕರೆಂಟ್ ದುಪ್ಪಟ್ಟು ಮಾಡುವ, ಇಲ್ಲವೇ ಸರಣಿಯಲ್ಲಿ ಕೂಡಿಸಿ ವೋಲ್ಟೇಜ್ ದುಪ್ಪಟ್ಟು ಮಾಡುವ ವೈ ಆಕಾರದ ಕೇಬಲ್‌ಗಳು ಸಿಗುತ್ತವೆ. ಎರಡೂ ನೋಡಲು ಒಂದೇ ಥರ ಇರುವುದರಿಂದ ಅವುಗಳ ಮೇಲೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿಡಬೇಕು. ಗ್ರೌಂಡ್ ಹಂಚಿಕೊಂಡಿರುವ ಸಪ್ಲೈಗಳಲ್ಲಿ ಸರಣಿ ಕೇಬಲ್ ಬಳಸಿದರೆ ನೇರ ಶಾರ್ಟ್ ಸರ್ಕ್ಯೂಟ್. ಪ್ಲಗ್ಗಿನ ಅಳತೆಯ ಕಡೆಗೂ ಗಮನವಿರಲಿ. 2.5 ಮಿ.ಮೀ. ಪ್ಲಗ್ 2.1ರ ಪಿನ್ನಿನ ಮೇಲೆ ಸಲೀಸಾಗಿ ಕೂರುತ್ತದೆ, ಆದರೆ ಸಡಿಲವಾಗಿ. ಪೆಡಲ್ ತುಳಿದಾಗ ಲೈಟ್ ಒಮ್ಮೆ ಮಿಣುಕಿದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಈವೆಂಟೈಡ್‌ನ ಹಳೆಯ ಟೈಮ್‌ಫ್ಯಾಕ್ಟರ್‌ಗೆ ಬೇಕಾಗುವುದು 2.5ರ ಪ್ಲಗ್, ಅದೂ ನಡು ಪಿನ್ ಧನವಾಗಿರುವುದು.

ಈ ನಾಲ್ಕರಲ್ಲಿ ಯಾವುದೂ ನಡೆಸಲಾರದ ಪೆಡಲ್‌ಗಳು ಕೆಲವು ಉಳಿಯುತ್ತವೆ. ಉದಾಹರಣೆಗೆ ಡಿಜಿಟೆಕ್‌ನ ಹಳೆಯ ವ್ಹ್ಯಾಮಿ 9 ವೋಲ್ಟ್ ಎಸಿ ಬೇಡುತ್ತದೆ, ಡಿಸಿ ಅಲ್ಲ. ಟ್ರೂಟೋನ್‌ನ 1 ಸ್ಪಾಟ್ ಪ್ರೋ ಸಿಎಸ್12ರಂತಹ ಕೆಲವೇ ಸಪ್ಲೈಗಳಲ್ಲಿ ಎಸಿ ಔಟ್‌ಪುಟ್ ಇರುತ್ತದೆ. ಅದಕ್ಕೆಂದೇ ದೊಡ್ಡ ಸಪ್ಲೈ ಹುಡುಕಿ ಹೊರಡುವ ಬದಲು, ಆ ಪೆಡಲ್‌ನ ಸ್ವಂತ ಅಡಾಪ್ಟರನ್ನೇ ಬೋರ್ಡ್‌ನ ಅಡಿಗೆ ಕಟ್ಟಿ, ಸಪ್ಲೈಗೂ ಅದಕ್ಕೂ ಸೇರಿ ಒಂದು ಚಿಕ್ಕ ಎಕ್ಸ್‌ಟೆನ್ಶನ್ ಬೋರ್ಡ್ ಇಡುವುದು ಅಗ್ಗದ ದಾರಿ. ಆ ಎಸಿ ಪ್ಲಗ್ ಅಪ್ಪಿತಪ್ಪಿ ಪಕ್ಕದ ಡಿಸಿ ಪೆಡಲ್‌ಗೆ ಹೋಗದಂತೆ ಕೇಬಲನ್ನು ಬೇಕಾದಷ್ಟೇ ಉದ್ದ ಬಿಟ್ಟು ಉಳಿದದ್ದನ್ನು ಕಟ್ಟಿಹಾಕಿರಬೇಕು.