ಮನೆಯಲ್ಲಿ ಪಿಜ್ಜಾ ಮಾಡುವವರಿಗೆ ಉಕ್ಕಿನ ಹಲಗೆಯ ಉಡುಗೊರೆ: ಹಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ಮನೆಯಲ್ಲೇ ಪಿಜ್ಜಾ ಮಾಡುವ ಹವ್ಯಾಸವಿರುವವರಿಗೆ ಏನಾದರೂ ಕೊಡಬೇಕೆಂದು ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಅಂದವಾದ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಸೆಟ್‌ಗಳು: ಪಿಜ್ಜಾ ಬೇಯಿಸುವ ತೆಳುವಾದ ಕಲ್ಲು, ಚಕ್ರದ ಕಟರ್, ಪಿಜ್ಜಾವನ್ನು ಓವನ್ನಿಗೆ ಜಾರಿಸುವ ಹಿಡಿಯುಳ್ಳ ಪುಟ್ಟ ಹಲಗೆ (ಪೀಲ್), ಒಣ ಮಸಾಲೆಯ ಡಬ್ಬಿಗಳು. ನನ್ನ ಅಕ್ಕ ನನಗೆ ಆರಿಸಿ ಕೊಟ್ಟದ್ದು ಅಂಥದ್ದಲ್ಲ. 6 ಮಿಲಿಮೀಟರ್ ದಪ್ಪದ, ಯಾವ ಅಲಂಕಾರವೂ ಇಲ್ಲದ ಉಕ್ಕಿನ ಹಲಗೆ, ಅಂದರೆ ಓವನ್ನಿನಲ್ಲಿ ಕಾಯಿಸಿ ಅದರ ಮೇಲೆಯೇ ಪಿಜ್ಜಾ ಬೇಯಿಸುವ ಪಿಜ್ಜಾ ಸ್ಟೀಲ್. ಹಲವು ವರ್ಷಗಳಿಂದ ಅದನ್ನು ಎಡೆಬಿಡದೆ ಬಳಸುತ್ತಿರುವುದರಿಂದ, ಯಾರಿಗೆ ಇದನ್ನು ಕೊಡಬಹುದು, ಯಾರಿಗೆ ಕೊಡಬಾರದು ಎಂಬುದರ ಬಗ್ಗೆ ನನಗೀಗ ಖಚಿತವಾದ ಅಭಿಪ್ರಾಯವಿದೆ.

ಮನೆಯ ಪಿಜ್ಜಾಕ್ಕೆ ಇರುವ ದೊಡ್ಡ ಕೊರತೆ ಶಾಖದ್ದು. ಇಟಲಿಯ ನೇಪಲ್ಸ್ ಶೈಲಿಯ ಪಿಜ್ಜಾಕ್ಕೆ ಯುರೋಪಿಯನ್ ಒಕ್ಕೂಟ 2010ರಲ್ಲಿ ಮಾನ್ಯ ಮಾಡಿದ ವಿಧಾನದಲ್ಲಿ, ಸೌದೆ ಒಲೆಯ ಶಾಖ 485 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಮತ್ತು ಪಿಜ್ಜಾ 60ರಿಂದ 90 ಸೆಕೆಂಡುಗಳಲ್ಲಿ ಬೆಂದಿರಬೇಕು ಎಂದಿದೆ. ಸಾಮಾನ್ಯ ಮನೆಯ ಓವನ್ 250 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಆ ಶಾಖದಲ್ಲಿ ತೆಳು ತಟ್ಟೆಯ ಮೇಲಿಟ್ಟ ಪಿಜ್ಜಾದ ತಳ ಕೆಂಪಾಗುವಷ್ಟರಲ್ಲಿ ಮೇಲಿನ ಚೀಸ್ ಎಣ್ಣೆ ಬಿಟ್ಟು, ಅಂಚು ಒಣಗಿ ಬಿಸ್ಕತ್ತಿನಂತಾಗಿರುತ್ತದೆ. ಉಕ್ಕು ಈ ಕೊರತೆಯನ್ನು ತುಂಬುವುದು ತಾನು ಹೆಚ್ಚು ಬಿಸಿಯಾಗುವುದರಿಂದಲ್ಲ, ತನ್ನಲ್ಲಿರುವ ಬಿಸಿಯನ್ನು ಬೇಗ ಬಿಟ್ಟುಕೊಡುವುದರಿಂದ. ಓವನ್ನಿನೊಳಗೆ ಕಲ್ಲು, ಉಕ್ಕು ಎರಡೂ ಅದೇ 250 ಡಿಗ್ರಿಗೆ ಬರುತ್ತವೆ. ಆದರೆ ಪಿಜ್ಜಾ ಕಲ್ಲುಗಳಿಗೆ ಬಳಸುವ ಕಾರ್ಡಿಯರೈಟ್ ಎಂಬ ಸೆರಾಮಿಕ್‌ಗೆ ಹೋಲಿಸಿದರೆ ಉಕ್ಕಿನ ಶಾಖವಾಹಕತೆ ಹತ್ತು ಪಟ್ಟಿಗೂ ಹೆಚ್ಚು, ಹಾಗಾಗಿ ಹಸಿ ಕಣಕ ತಾಗಿದ ಕೂಡಲೇ ಹಲಗೆಯ ಒಳಗಿನ ಶಾಖವೆಲ್ಲ ಮೇಲ್ಮೈಗೆ ಹರಿದು ಬರುತ್ತದೆ.

ಫಲ ಕಾಣುವುದು ತಳದಲ್ಲಿ. ಓವನ್ನನ್ನು ಗರಿಷ್ಠ ಶಾಖಕ್ಕಿಟ್ಟು, ಹಲಗೆಯನ್ನು ಮೇಲಿನಿಂದ ಎರಡನೆಯ ಅಂತಸ್ತಿನಲ್ಲಿರಿಸಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕಾಯಿಸಿ, ಪಿಜ್ಜಾ ಜಾರಿಸಿದ ಮೇಲೆ ಗ್ರಿಲ್ (ಓವನ್ನಿನ ಮೇಲ್ಭಾಗದ ಶಾಖ) ಹಾಕಿದರೆ ಆರೇಳು ನಿಮಿಷದಲ್ಲಿ ಅದು ಸಿದ್ಧ. ಮೊದಲ ಎರಡು ನಿಮಿಷದಲ್ಲೇ ಅಂಚು ಉಬ್ಬಿ ಮೇಲೇಳುವುದನ್ನು ಓವನ್ನಿನ ಗಾಜಿನಿಂದಲೇ ನೋಡಬಹುದು. ಹೊರತೆಗೆದು ಅಂಚು ಎತ್ತಿ ನೋಡಿದರೆ, ತಳವೆಲ್ಲ ಒಂದೇ ಸಮನೆ ಕಂದಾಗಿರದೆ ತಿಳಿಗಂದು ಮೈಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆಗಳೆದ್ದಿರುತ್ತವೆ. ಬೆರಳಿನಿಂದ ತಟ್ಟಿದರೆ ಟಕಟಕ ಸದ್ದು ಬರುತ್ತದೆ, ಒತ್ತಿದರೆ ಒಳಗಿನ ಮೆತ್ತನೆಯ ಪದರ ಬಾಗುತ್ತದೆ. ಈ ಹಲಗೆ ಬರುವ ಮುಂಚೆ ಮನೆಯ ಓವನ್ನಿನಲ್ಲಿ ಇಂಥ ತಳ ಸಾಧ್ಯವೆಂದು ನಾನು ಅಂದುಕೊಂಡಿರಲಿಲ್ಲ.

ಇನ್ನು ದೋಷಗಳು. 35 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಹಲಗೆಯ ತೂಕ ಸುಮಾರು ಆರೂವರೆ ಕಿಲೋ; ಸೊಂಟ ಅಥವಾ ಮಣಿಕಟ್ಟಿನ ನೋವಿರುವವರಿಗೆ ಇದು ಉಡುಗೊರೆಯಲ್ಲ, ಹೊರೆ. ಒಂದು ಪಿಜ್ಜಾಕ್ಕಾಗಿ ಒಂದು ಗಂಟೆ ಕಾಯಿಸುವುದು ವಿದ್ಯುತ್ತಿನ ದಂಡವೇ ಸರಿ, ಆದ್ದರಿಂದ ಒಮ್ಮೆಗೆ ಮೂರು ನಾಲ್ಕು ಪಿಜ್ಜಾ ಮಾಡುವ ಮನೆಗೆ ಇದು ಹೆಚ್ಚು ಒಗ್ಗುತ್ತದೆ. ಆಗಲೂ ಒಂದಕ್ಕೂ ಇನ್ನೊಂದಕ್ಕೂ ನಡುವೆ ಐದಾರು ನಿಮಿಷ ಬಿಡದಿದ್ದರೆ ಎರಡನೆಯದರ ತಳ ಮಂಕಾಗುತ್ತದೆ. ಟೊಮೆಟೊ ಸಾಸ್ ಬಿದ್ದು ಸುಟ್ಟ ಜಾಗದಲ್ಲಿ ಹುಳಿಯಿಂದಾಗಿ ಉಕ್ಕನ್ನು ಕಾಪಾಡಲು ಸವರಿ ಕಾಯಿಸಿದ ಎಣ್ಣೆಯ ಪದರ ಎದ್ದುಹೋಗಿ, ನೀರು ಸೋಕಿದರೆ ತುಕ್ಕು ಹಿಡಿಯುತ್ತದೆ. ನನ್ನ ಹಲಗೆಯ ಒಂದು ಮೂಲೆಯಲ್ಲಿ ಇದು ಆಗಾಗ ಮರುಕಳಿಸುತ್ತದೆ. ಉಕ್ಕಿನ ನಾರಿನಿಂದ ಉಜ್ಜಿ, ಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಸವರಿ, ಓವನ್ನಿನಲ್ಲಿ ಒಂದು ಗಂಟೆ ಕಾಯಿಸಿದರೆ ಸರಿಹೋಗುತ್ತದೆ. ಕಬ್ಬಿಣದ ಕಾವಲಿಯನ್ನು ಪಳಗಿಸಿ ಗೊತ್ತಿರುವವರಿಗೆ ಇದೇನೂ ಹೊಸ ಕೆಲಸವಲ್ಲ. ಕಲ್ಲಿನಂತೆ ಬಿರುಕು ಬಿಡುವ ಭಯವಂತೂ ಇಲ್ಲವೇ ಇಲ್ಲ; ಹಲಗೆ ಈಗ ಬಂದ ದಿನಕ್ಕಿಂತ ಕಪ್ಪಾಗಿದೆ, ಆದರೆ ಕೆಲಸದಲ್ಲಿ ಕಿಂಚಿತ್ತೂ ಕುಂದಿಲ್ಲ.

ಕೊಳ್ಳುವ ಮೊದಲು ಎರಡು ವಿಷಯ ತಿಳಿದುಕೊಳ್ಳಲೇಬೇಕು. ಮೊದಲನೆಯದು ಓವನ್ನಿನ ಒಳಗಿನ ಅಳತೆ. ಹಲಗೆಯ ಸುತ್ತ ಗಾಳಿಯಾಡಲು ಎರಡು ಮೂರು ಸೆಂಟಿಮೀಟರ್ ಜಾಗ ಉಳಿಯಬೇಕು, ಒಳಗಿನ ಜಾಲರಿ ತೂಕ ತಾಳಬೇಕು, ಬಾಗಿಲು ಮುಚ್ಚಬೇಕು. ಎರಡನೆಯದು ಉಡುಗೊರೆ ಪಡೆಯುವವರ ಬಳಿ ಯಾವ ಬಗೆಯ ಓವನ್ ಇದೆ ಎಂಬುದು. 400 ಡಿಗ್ರಿ ದಾಟುವ ಗ್ಯಾಸ್ ಅಥವಾ ಸೌದೆಯ ಪಿಜ್ಜಾ ಓವನ್ ಇರುವವರಿಗೆ ಉಕ್ಕನ್ನು ಖಂಡಿತ ಕೊಡಬೇಡಿ. ಅಷ್ಟು ಶಾಖದಲ್ಲಿ ಮೇಲ್ಭಾಗ ಬೇಯುವ ಮೊದಲೇ ತಳ ಕರಿಯಾಗುತ್ತದೆ. ಅಲ್ಲಿ ಶಾಖವನ್ನು ನಿಧಾನವಾಗಿ ಬಿಡುವ ಕಲ್ಲು ಅಥವಾ ಸುಟ್ಟ ಮಣ್ಣಿನ ಬಿಲ್ಲೆಯೇ ಸರಿ.

ಹಲಗೆ ಭಾರವಾಯಿತು, ದುಬಾರಿಯಾಯಿತು ಎನ್ನುವವರು 0.1 ಗ್ರಾಂ ತೋರಿಸುವ ಚಿಕ್ಕ ತೂಕದ ಯಂತ್ರವನ್ನು ಕೊಡಲಿ ಎಂಬುದು ನನ್ನ ಬಲವಾದ ಸಲಹೆ. ಮೇಲೆ ಹೇಳಿದ ನೇಪಲ್ಸ್ ವಿಧಾನದಲ್ಲಿ 1.8 ಕಿಲೋ ಹಿಟ್ಟಿಗೆ ಒಂದು ಲೀಟರ್ ನೀರು, ಕೇವಲ 3 ಗ್ರಾಂ ತಾಜಾ ಯೀಸ್ಟ್. ಮನೆಯಲ್ಲಿ ಅರ್ಧ ಕಿಲೋ ಹಿಟ್ಟು ಕಲಸುವವರಿಗೆ ಬೇಕಾಗುವುದು 1 ಗ್ರಾಂಗೂ ಕಡಿಮೆ. ಅಡುಗೆಮನೆಯ ಸಾಮಾನ್ಯ ತೂಕದ ಯಂತ್ರ ಅಷ್ಟು ಕಡಿಮೆ ತೂಕವನ್ನು ನಂಬುವಂತೆ ತೋರಿಸುವುದಿಲ್ಲ, ಚಮಚದ ಅಳತೆ ದಿನಕ್ಕೊಂದು ಥರ. ಯೀಸ್ಟ್ ದುಪ್ಪಟ್ಟು ಬಿದ್ದರೆ ಬೆಳಗಿನೊಳಗೆ ಹಿಟ್ಟು ಹುಳಿಯೇರಿ ಜಿಗುಟಾಗುತ್ತದೆ. ಪಿಜ್ಜಾ ಮಾಡುವವರು ಇಂಥದ್ದನ್ನು ತಾವಾಗಿ ಕೊಂಡುಕೊಳ್ಳುವುದು ಅಪರೂಪ, ಆದ್ದರಿಂದಲೇ ಉಡುಗೊರೆಯಾಗಿ ಇದಕ್ಕೆ ಬೆಲೆ ಹೆಚ್ಚು.

ಹಲಗೆಯ ಜೊತೆಗೆ ಮರದ ಪೀಲ್ ಇರಲೇಬೇಕು, ಹಸಿ ಹಿಟ್ಟು ಲೋಹಕ್ಕಿಂತ ಮರದ ಮೇಲಿಂದ ಸುಲಭವಾಗಿ ಜಾರುತ್ತದೆ. ಶಾಖ ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಳ್ಳೆಯದೇ, ಆದರೆ ಹೊಳೆಯುವ ಹೊಸ ಉಕ್ಕಿನ ಮೇಲೆ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಪಳಗಿ ಕಪ್ಪಾದ ಮೇಲೆ ಸರಿಯಾಗಿ ಓದುತ್ತದೆ. ಇಟಲಿಯ '00' ಹಿಟ್ಟನ್ನು ಕೊಡುವ ಮನಸ್ಸಿದ್ದರೆ ಚೀಲದ ಮೇಲಿನ ಸೊನ್ನೆಗಳನ್ನಷ್ಟೇ ನೋಡಬೇಡಿ. ಅವು ಹಿಟ್ಟು ಎಷ್ಟು ನಯ ಮತ್ತು ಬಿಳಿ ಎಂಬುದನ್ನು ಹೇಳುತ್ತವೆಯೇ ಹೊರತು ಬಲವನ್ನಲ್ಲ. ಪ್ರೋಟೀನ್ ಪ್ರಮಾಣ ಶೇ 12ರ ಆಸುಪಾಸಿನಲ್ಲಿದೆಯೇ, ಬಳಕೆಯ ಅವಧಿ ಇನ್ನೂ ಕೆಲವು ತಿಂಗಳು ಉಳಿದಿದೆಯೇ ಎಂದು ಚೀಲ ತಿರುಗಿಸಿ ಓದಿ ಕೊಳ್ಳಿ.